ಕಲ್ಲು ಮಾಸ್ತರ ಅಜ್ಜ, ಮೂರು ಒಣ ಬೋರ್‌ವೆಲ್, ಒಂದು ಬಾವಿ

ಅಜ್ಜ ತೀರಿಕೊಂಡು ಹದಿನೈದು ದಿನಕ್ಕೆ ಅಟ್ಟದ ಮೇಲಿನ ತಗಡಿನ ಟ್ರಂಕ್ ಕೆಳಗಿಳಿಸಿದೆ. ಹಿಡಿಕೆ ಸವೆದ ಸುತ್ತಿಗೆ, ಒಂದು ಸಣ್ಣ ಭೂತಗನ್ನಡಿ, ನಾಲ್ಕೈದು ನೋಟ್‌ಬುಕ್ ಇದ್ದವು. ಅದರ ಕೆಳಗೆ ಬರೀ ಪೊಟ್ಟಣ. ಕಿರಾಣಿ ಅಂಗಡಿಯಲ್ಲಿ ಜೀರಿಗೆ ಕಟ್ಟಿಕೊಡ್ತಾರಲ್ಲ, ಹಂಗೆ ಹಳೇ ಪೇಪರಿನಲ್ಲಿ ಮಡಚಿ ದಾರ ಸುತ್ತಿದ್ದ ಪೊಟ್ಟಣಗಳು. ಎಣಿಸಿದೆ, 151 ಇದ್ದವು. ಪ್ರತಿಯೊಂದರ ಮೇಲೂ ಪೆನ್ಸಿಲ್‌ನಲ್ಲಿ ಬರೆದಿತ್ತು: "ಬೋರ್ 1, 0–10 ಫೂಟ", "ಬೋರ್ 1, 10–20 ಫೂಟ"... ಕೊನೆಯದು "ಬೋರ್ 3, 600–610 ಫೂಟ, ಒಣ".

ಬಿಚ್ಚಿ ನೋಡಿದರೆ ಒಳಗೆ ಕಲ್ಲಿನ ಪುಡಿ.

2016ರ ಬೇಸಿಗೆಯಲ್ಲಿ ನಾನು ಹಾಕಿಸಿದ ಮೂರು ಬೋರ್‌ವೆಲ್‌ಗಳ ಪುಡಿ ಅದು. ಮೊದಲನೆಯದು 380 ಅಡಿ, ಎರಡನೆಯದು 520, ಮೂರನೆಯದು 610. ಮೂರೂ ಫೇಲ್. ಆಗ ಅಜ್ಜನಿಗೆ 78 ವರ್ಷ. ಬೋರ್ ಲಾರಿಯ ಸದ್ದಿನ ನಡುವೆ, ಮೂಗಿಗೆ ಟವಲ್ ಕಟ್ಟಿಕೊಂಡು, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಹತ್ತು ಅಡಿಗೊಮ್ಮೆ ಎದ್ದು ಹೋಗಿ ಒಂದು ಮುಷ್ಟಿ ಪುಡಿ ತರ್ತಿದ್ದರು. ಮುದುಕರಿಗೆ ಹೊತ್ತು ಹೋಗ್ತಿಲ್ಲ ಅಂದುಕೊಂಡಿದ್ದೆ ನಾನು.

ಈ ವಾರದ ಲೇಖನ ಆ ಪೊಟ್ಟಣಗಳ ಬಗ್ಗೆ, ಅವನ್ನು ಕಟ್ಟಿಟ್ಟವರ ಬಗ್ಗೆ. ಓದಿದ ಮೇಲೆ ನಿಮ್ಮಲ್ಲಿ ಒಬ್ಬರಾದರೂ ಬೋರ್ ಲಾರಿಗೆ ಫೋನ್ ಮಾಡುವ ಮುಂಚೆ ಎರಡು ದಿನ ತಡೆದರೆ ನನಗೆ ಸಾಕು.

ಕಲ್ಲು ನೆಕ್ಕುವ ಪ್ರೊಫೆಸರ್

ಊರಲ್ಲಿ ಅಜ್ಜನ ಹೆಸರು ಹೇಳಿದರೆ ಯಾರಿಗೂ ಗೊತ್ತಾಗ್ತಿರಲಿಲ್ಲ. "ಕಲ್ಲು ಮಾಸ್ತರ" ಅಂದರೆ ಸಾಕು, ಮನೆ ತನಕ ಕರೆದುಕೊಂಡು ಬರ್ತಿದ್ದರು. ಹೊಸ ಕಲ್ಲು ಸಿಕ್ಕರೆ ಅಜ್ಜ ಅದನ್ನು ಸುತ್ತಿಗೆಯಿಂದ ಒಡೆದು, ಒಳಮೈಯನ್ನು ನಾಲಿಗೆಯಿಂದ ಒದ್ದೆ ಮಾಡಿ ಬೆಳಕಿಗೆ ಹಿಡಿದು ನೋಡೋರು. ಒದ್ದೆ ಕಲ್ಲಿನಲ್ಲಿ ಬಣ್ಣ, ಕಾಳು, ಪದರ ಸ್ಪಷ್ಟ ಕಾಣ್ತವೆ. ಭೂವಿಜ್ಞಾನ ಓದಿದವರೆಲ್ಲ ಮಾಡುವ ಕೆಲಸವೇ ಅದು. ಆದರೆ ಊರವರಿಗೆ ಪ್ರೊಫೆಸರ್ ಒಬ್ಬರು ಕಲ್ಲು ನೆಕ್ಕೋದು ದೊಡ್ಡ ತಮಾಷೆ.

ಅಜ್ಜ ಹುಟ್ಟಿದ್ದು 1938ರಲ್ಲಿ, ಧಾರವಾಡದಿಂದ ಹೆಬ್ಬಳ್ಳಿ ದಿಕ್ಕಿಗಿರುವ ನಮ್ಮ ಊರಿನಲ್ಲಿ. ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವರು. 1917ರಲ್ಲಿ ಶುರುವಾದ ಧಾರವಾಡದ ಕರ್ನಾಟಕ ಕಾಲೇಜಿಗೆ ಅವರು ಸೇರಿದಾಗ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ಅಪ್ಪ-ಅವ್ವಗೆ ಮಗ ವಕೀಲನೋ ಡಾಕ್ಟರೋ ಆಗಲಿ ಅಂತ ಆಸೆ. ಇವರು ಆರಿಸಿಕೊಂಡಿದ್ದು ಭೂವಿಜ್ಞಾನ. "ಒಕ್ಕಲಿಗರ ಹುಡುಗ ಮಣ್ಣ ಬಿಟ್ಟು ಕಲ್ಲಿಗೆ ಹೋದ" ಅಂತ ಮುತ್ತಜ್ಜ ಕೊನೆ ತನಕ ಅಂತಿದ್ದರಂತೆ.

ಧಾರವಾಡದಲ್ಲೇ ಪಾಠ ಹೇಳಿ, ಪ್ರಾಧ್ಯಾಪಕರಾಗಿ 1998ರಲ್ಲಿ ನಿವೃತ್ತಿಯಾದರು. ವರ್ಷಕ್ಕೆರಡು ಸಲ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗೋಕಾಕ, ನವಿಲುತೀರ್ಥ, ಬಾದಾಮಿ, ಕಪ್ಪತಗುಡ್ಡ ಸುತ್ತುತ್ತಿದ್ದರು. ಅವರ ಶಿಷ್ಯರು ಹಟ್ಟಿ ಚಿನ್ನದ ಗಣಿಯಲ್ಲಿ, ಸಂಡೂರಿನ ಕಬ್ಬಿಣದ ಗಣಿಗಳಲ್ಲಿ, ತೈಲ ಕಂಪನಿಗಳಲ್ಲಿ ಇದ್ದಾರೆ. ಅದರ ಬಗ್ಗೆ ಹೆಮ್ಮೆಯೂ ಇತ್ತು, ಒಂದು ಕೊರಗೂ ಇತ್ತು. "ಮೂವತ್ತೇಳು ವರ್ಷ ಕಲಿಸಿದೆ. ಒಬ್ಬನೂ ಸುತ್ತಿಗಿ ತಗೊಂಡು ತನ್ನ ಹೊಲಕ್ಕ ಹೋಗ್ಲಿಲ್ಲ ನೋಡು" ಅಂತಿದ್ದರು. ಅವರೂ ಹೋಗಿರಲಿಲ್ಲ. ನೌಕರಿ ಮುಗಿಯುವ ತನಕ ನಮ್ಮ ಆರು ಎಕರೆ ಲಾವಣಿಗೆ ಇತ್ತು.

ಪೇಡೆಗಿಂತ ದೂರ ಹೋದ ಹೆಸರು

ಧಾರವಾಡ ಅಂದರೆ ನಮಗೆ ಪೇಡೆ, ಸಂಗೀತ, ಸಾಹಿತ್ಯ. ಅಜ್ಜನ ಪ್ರಕಾರ ಧಾರವಾಡದ ಹೆಸರು ಜಗತ್ತಿಗೆ ಹೋಗಿದ್ದು ಕಲ್ಲಿನಿಂದ. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ನಮ್ಮ ಈ ಪದರು ಕಲ್ಲುಗಳಿಗೆ "ಧಾರವಾಡ ಶ್ರೇಣಿ" ಅಂತ ಹೆಸರಿಟ್ಟರು. ಇದೇ ಫೂಟ್ 1863ರಲ್ಲಿ ಮದ್ರಾಸ್ ಹತ್ತಿರದ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಕೈಗೊಡಲಿ ಹುಡುಕಿದವರು. ಮುಂದೆ 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಶುರುವಾದಾಗ ಅದರ ಮುಖ್ಯಸ್ಥರಾದರು. ಇವತ್ತಿಗೂ ಜಗತ್ತಿನ ಯಾವ ಮೂಲೆಯ ಭೂವಿಜ್ಞಾನ ಪುಸ್ತಕ ತೆಗೆದರೂ "ಧಾರವಾಡ" ಎಂಬ ಪದ ಸಿಗುತ್ತೆ.

ಅಜ್ಜ ಗೌರವಿಸುತ್ತಿದ್ದ ಇನ್ನೊಬ್ಬರು ಬಿ.ಪಿ. ರಾಧಾಕೃಷ್ಣ. ಮೈಸೂರು ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿದ್ದವರು. 1958ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘ ಕಟ್ಟಿ, ಅದರ ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದವರು. ಆ ಪತ್ರಿಕೆಯ ಹಳೇ ಸಂಚಿಕೆಗಳು ನಮ್ಮ ಮನೆಯಲ್ಲಿ ಅಕ್ಕಿ ಚೀಲದ ಪಕ್ಕದಲ್ಲೇ ಇರ್ತಿದ್ದವು. 2012ರ ಜನವರಿ 26ರಂದು ರಾಧಾಕೃಷ್ಣ ತೀರಿಕೊಂಡಾಗ ಅಜ್ಜ ಪೇಪರಿನ ಆ ತುಂಡನ್ನು ಕತ್ತರಿಸಿ ನೋಟ್‌ಬುಕ್‌ಗೆ ಅಂಟಿಸಿದ್ದು ಈಗಲೂ ಇದೆ.

ಇದೆಲ್ಲ ರೈತರಿಗೆ ಯಾಕೆ ಅಂತ ಕೇಳಬಹುದು. ಕಾರಣ ಇದೆ. ಹುಬ್ಬಳ್ಳಿ–ಧಾರವಾಡ ಸುತ್ತಲಿನ ಈ ಕಲ್ಲುಗಳು ಸುಮಾರು 260 ಕೋಟಿ ವರ್ಷ, ಕೆಲವು ಅದಕ್ಕೂ ಹಿಂದಿನವು. ಹೂಳಾಗಿ ಹಾಸಿಕೊಂಡು, ಆಮೇಲೆ ಒತ್ತಡಕ್ಕೆ ಸಿಕ್ಕಿ ಮಡಚಿಕೊಂಡು ಎದ್ದು ನಿಂತಿವೆ. ಅಜ್ಜ ಇದನ್ನು ಕಪಾಟು ತೋರಿಸಿ ಹೇಳ್ತಿದ್ದರು.

"ಪುಸ್ತಕ ಮಲಗಿಸಿ ಇಟ್ಟರ ಮ್ಯಾಲ ಸುರುವಿದ ನೀರು ಮ್ಯಾಲ ನಿಲ್ಲತೈತಿ. ನಿಲ್ಲಿಸಿ ಇಟ್ಟರ ಪುಸ್ತಕದ ನಡಕ ಇಳೀತೈತಿ. ನಮ್ಮ ಕಲ್ಲು ನಿಂತ ಪುಸ್ತಕ. ನೀರು ಎಲ್ಲಿ ಇಳಿಯಾಕತ್ತೇತಿ ಅಂತ ನೋಡೂದು ನಿನ್ನ ಕೆಲಸ."

ಈ ನಿಂತ ಪದರುಗಳು ಹೆಚ್ಚಾಗಿ ವಾಯವ್ಯದಿಂದ ಆಗ್ನೇಯಕ್ಕೆ ಓಡ್ತವೆ. ನಿಮ್ಮ ಹೊಲದ ಹತ್ತಿರ ಹಳ್ಳದ ದಂಡೆಯಲ್ಲೋ, ರಸ್ತೆಗೆ ಕಡಿದ ಕಡೆಯೋ ಕಲ್ಲು ಕಂಡರೆ ಫೋನಿನ ದಿಕ್ಸೂಚಿ ಇಟ್ಟು ನೋಡಿ, ಗೊತ್ತಾಗುತ್ತೆ.

ಇನ್ನೊಂದು ಮಾತು. ಕಪ್ಪು ಮಣ್ಣು ಅಂದರೆ ದಖನ್ನಿನ ಲಾವಾ ಕಲ್ಲಿನಿಂದಲೇ ಬಂದಿದ್ದು ಅಂತ ಶಾಲೆಯಲ್ಲಿ ಕಲಿತಿದ್ದೆ. ಆ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷದ ಹಿಂದೆ, ಅದು ಸಿಗೋದು ಬೆಳಗಾವಿ ಕಡೆ. ನಮ್ಮ ಕಡೆಯ ಎರಿ ಎಷ್ಟೋ ಜಾಗದಲ್ಲಿ ಹಳೇ ಪದರು ಕಲ್ಲಿನ ಮೇಲೆಯೇ ಕೂತಿದೆ. ಹೀಗಾಗಿ ಮೇಲಿನ ಬಣ್ಣ ನೋಡಿ ಕೆಳಗೆ ಏನಿದೆ ಅಂತ ಹೇಳೋಕಾಗಲ್ಲ. ಅಗೆದೇ ನೋಡಬೇಕು.

ಮೊದಲ ಪಾಠ: ನನ್ನ ಮಾವು, ಅಜ್ಜನ ಬಾಟಲಿ

ನಾನು ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಓದಿದವನು. ಪದವಿ ಮುಗಿಸಿ ಒಂದಿಷ್ಟು ವರ್ಷ ಬೆಂಗಳೂರಿನಲ್ಲಿ ನೌಕರಿ ಮಾಡಿ, 2014ರಲ್ಲಿ ಊರಿಗೆ ಬಂದೆ. ಸಾವಯವ ತೋಟ ಮಾಡ್ತೀನಿ ಅಂದೆ. ಅಪ್ಪ ಮಾತು ಬಿಟ್ಟರು. ಅಜ್ಜ ಮಾತ್ರ ಲಾವಣಿ ಬಿಡಿಸಿಕೊಟ್ಟರು.

ನಮ್ಮ ಹೊಲದ್ದು ಒಂದು ವಿಶೇಷ. ಮೇಲಿನ ಎರಡು ಎಕರೆ ಮಸಾರಿ. ಕೆಳಗೆ ಹಳ್ಳದ ಕಡೆ ಎರಡೂವರೆ ಎಕರೆ ಅಪ್ಪಟ ಎರಿ. ನಡುವೆ ಎರಡೂ ಬೆರೆತ ಒಂದೂವರೆ ಎಕರೆ ಪಟ್ಟಿ. ಧಾರವಾಡದ ಆಪೂಸ್‌ಗೆ ಒಳ್ಳೆ ಹೆಸರಿದೆ ಅಂತ ನಾನು ಮೇಲೆ ಎಂಬತ್ತು, ನಡುಪಟ್ಟಿಯಲ್ಲಿ ನಲವತ್ತು ಆಪೂಸ್ ಸಸಿ ಹಚ್ಚಿದೆ.

ಎರಡನೇ ವರ್ಷ ನಡುಪಟ್ಟಿಯ ಸಸಿಗಳ ಹೊಸ ಎಲೆ ಹಳದಿ ತಿರುಗಿದವು. ನರ ಮಾತ್ರ ಹಸಿರು. ಕಬ್ಬಿಣದ ಕೊರತೆ ಅಂತ ಓದಿದ್ದೆ. ಲೀಟರಿಗೆ 5 ಗ್ರಾಂ ಲೆಕ್ಕದಲ್ಲಿ ಫೆರಸ್ ಸಲ್ಫೇಟ್ ಸಿಂಪಡಿಸಿದೆ. ಹದಿನೈದು ದಿನ ಹಸಿರಾದವು, ಮತ್ತೆ ಹಳದಿ. ಮತ್ತೆ ಸಿಂಪಡಣೆ, ಮತ್ತೆ ಹಳದಿ.

ಅಜ್ಜ ಒಂದು ದಿನ ಬಂದು ಸಸಿ ನೋಡಲೇ ಇಲ್ಲ. "ಗುದ್ದಲಿ ತಾ" ಅಂದರು. ಸಸಿಯಿಂದ ನಾಲ್ಕು ಅಡಿ ದೂರದಲ್ಲಿ ತಗ್ಗು ತೆಗೆಸಿದರು. ಎರಡೂವರೆ ಅಡಿಗೆ ಬಿಳಿ ಬಿಳಿ ಗಂಟು ಕಾಣಿಸಿದವು. ಜೇಬಿನಿಂದ ಹನಿ ಹಾಕುವ ಸಣ್ಣ ಬಾಟಲಿ ತೆಗೆದರು. ಅದರಲ್ಲಿ ನೀರು ಬೆರೆಸಿದ ಆಮ್ಲ, ಭೂವಿಜ್ಞಾನದವರ ಹತ್ತಿರ ಯಾವಾಗಲೂ ಇರುತ್ತೆ. ಎರಡು ಹನಿ ಬಿಟ್ಟರು. ಸೋಡಾ ಬಾಟಲಿ ಬಿಚ್ಚಿದ ಹಾಗೆ ಬುರುಬುರು ನೊರೆ ಬಂತು.

"ಸುಣ್ಣ. ಕೆಳಗ ಸುಣ್ಣದ ಹಾಸಿಗಿ ಐತಿ ತಮ್ಮಾ. ನೀ ಮ್ಯಾಲಿಂದ ಎಷ್ಟ ಔಷಧ ಹೊಡದ್ರೂ ಬೇರು ಆ ಹಾಸಿಗಿ ಮ್ಯಾಲ ಮಲಗೇತಿ."

ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚಿದ್ದರೆ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗೋದಿಲ್ಲ. ಇದು ನನಗೆ ಪರೀಕ್ಷೆಗೆ ಬಂದ ಪ್ರಶ್ನೆ, ಬರೆದು ಅಂಕ ತಗೊಂಡಿದ್ದೆ. ಆದರೆ ಸಸಿ ಹಚ್ಚುವ ಮುಂಚೆ ಒಂದೇ ಒಂದು ತಗ್ಗು ತೆಗೆದು ನೋಡಿರಲಿಲ್ಲ. ಮಣ್ಣು ಪರೀಕ್ಷೆಗೆ ಕೊಟ್ಟಿದ್ದೆ, ಹೌದು. ಮೇಲಿನ ಅರ್ಧ ಅಡಿ ಮಣ್ಣು ಮಾತ್ರ. ಹಣ್ಣಿನ ಗಿಡ ಮೂವತ್ತು ವರ್ಷ ಬದುಕೋದು ಅದರ ಕೆಳಗಿನ ಮಣ್ಣಿನಲ್ಲಿ.

ನಲವತ್ತರಲ್ಲಿ ಮೂವತ್ತೊಂದು ಸಸಿ ಹೋದವು. ಆ ಪಟ್ಟಿಯಲ್ಲಿ ಈಗ ಪೇರಲ ಇದೆ. ಮಣ್ಣಿನ ವಿಷಯದಲ್ಲಿ ಪೇರಲ ಮಾವಿನಷ್ಟು ನಾಜೂಕಲ್ಲ, ಸ್ವಲ್ಪ ಸುಣ್ಣ ತಡಕೊಳ್ಳುತ್ತೆ. ಪಕ್ಕದ ನವಲೂರಿನ ಪೇರಲಕ್ಕೆ ಹುಬ್ಬಳ್ಳಿ–ಧಾರವಾಡ ರಸ್ತೆಯಲ್ಲಿ ಎಷ್ಟು ಹೆಸರಿದೆ ಅಂತ ಗೊತ್ತಿದ್ದೂ ನಾನು ಆಪೂಸ್ ಹಿಂದೆ ಹೋಗಿದ್ದೆ.

ಎರಡನೇ ಪಾಠ: ಮೂರು ಬೋರ್

2015ರಲ್ಲಿ ಮಳೆ ಕೈಕೊಟ್ಟಿತು. 2016ರ ಬೇಸಿಗೆಗೆ ಟ್ಯಾಂಕರ್ ನೀರು ಹಾಕಿ ಸಾಕಾಗಿತ್ತು. ಬೋರ್ ಹಾಕಿಸೋಣ ಅಂದೆ.

ಅಜ್ಜ ಹೊಲದ ಮೇಲಿನ ಅಂಚಿನಿಂದ ಹಳ್ಳದ ತನಕ ಎರಡು ಸಲ ನಡೆದರು. ಆಮೇಲೆ ಹೇಳಿದರು: "ಇಲ್ಲೆ ಆಳದಾಗ ನೀರು ಸಿಗೂದು ಕಷ್ಟ. ಸಿಗೂದೇ ಇಲ್ಲ ಅಂತ ನಾ ಹೇಳಂಗಿಲ್ಲ. ಕಲ್ಲಿನಾಗ ಬಿರುಕು ಎಲ್ಲಿ ಇರ್ತಾವ ಅಂತ ಯಾವ ಪ್ರೊಫೆಸರಗೂ ಪೂರಾ ಗೊತ್ತಾಗಂಗಿಲ್ಲ. ಆದ್ರ ಮೊದಲ ಮ್ಯಾಲಿನ ನೀರು ನೋಡು."

ಗಟ್ಟಿ ಕಲ್ಲಿನ ನಾಡಿನಲ್ಲಿ ನೆಲದಡಿ ಹೊಳೆ ಹರಿಯೋದಿಲ್ಲ. ನೀರು ಇರೋದು ಎರಡೇ ಕಡೆ. ಒಂದು, ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ. ಮಳೆ-ಬಿಸಿಲಿಗೆ ಸಾವಿರಾರು ವರ್ಷ ಶಿಥಿಲವಾಗಿ ಸ್ಪಂಜಿನ ಹಾಗೆ ಆಗಿರುವ ಭಾಗ ಇದು. ಇನ್ನೊಂದು, ಅದರ ಕೆಳಗಿನ ಬಿರುಕುಗಳಲ್ಲಿ. ಆಳಕ್ಕೆ ಹೋದ ಹಾಗೆ ಬಿರುಕು ಸಾಮಾನ್ಯವಾಗಿ ಕಡಿಮೆಯಾಗ್ತಾ ಹೋಗುತ್ತವೆ. "ಇನ್ನೂ ನೂರು ಅಡಿ ಹೋಗ್ರಿ, ಗಂಗಿ ಬರ್ತಾಳ" ಅನ್ನೋ ಮಾತಿಗೆ ಆಧಾರ ಬಹಳ ಕಮ್ಮಿ. ಅಡಿ ಲೆಕ್ಕದಲ್ಲಿ ದುಡ್ಡು ಎಣಿಸುವವರು ಹೇಳುವ ಮಾತದು.

ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ತೋರಿಸುವವರನ್ನು ಕರೆಸಿದೆ. ಕಾಯಿ ಎದ್ದು ನಿಂತಿತು. ನಾನು ವಿಜ್ಞಾನ ಪದವೀಧರ. ಮನೆಯಲ್ಲೇ ಭೂವಿಜ್ಞಾನದ ಪ್ರಾಧ್ಯಾಪಕರಿದ್ದಾರೆ. ಆದರೂ ಕಾಯಿ ನಂಬಿದೆ. ಯಾಕೆಂದರೆ ಕಾಯಿ "ಹೌದು" ಅಂತಿತ್ತು, ಅಜ್ಜ "ಕಷ್ಟ" ಅಂತಿದ್ದರು.

ಮೂರು ಬೋರಿಗೆ ಒಟ್ಟು ₹2.1 ಲಕ್ಷ. ಅದರಲ್ಲಿ ₹1.5 ಲಕ್ಷ ಅಜ್ಜನ ಠೇವಣಿ ಮುರಿಸಿ ಕೊಟ್ಟಿದ್ದು. ಮೂರನೇ ಬೋರ್ ಮುಗಿದ ರಾತ್ರಿ ಅಜ್ಜ ಒಂದು ಮಾತೂ ಆಡಲಿಲ್ಲ. "ನಾ ಹೇಳಿದ್ದೆ" ಅಂತ ಬೈದಿದ್ದರೆ ಎಷ್ಟೋ ಹಗುರ ಆಗ್ತಿತ್ತು. ಆ ವರ್ಷ ಪೂರ್ತಿ ನಾನೇ ಅವರಿಂದ ದೂರ ದೂರ ಓಡಾಡಿಕೊಂಡಿದ್ದೆ. ತಪ್ಪಾಯ್ತು ಅಂತ ಹೇಳುವುದು ಇವತ್ತು ನಾಳೆ ಅಂತ ಮುಂದೆ ಹೋಯ್ತು.

2021ರ ನವೆಂಬರ್‌ನಲ್ಲಿ ಅಜ್ಜ ಹೋದರು. 83 ವರ್ಷ. ಹೇಳೋದು ಉಳಿದೇ ಹೋಯ್ತು.

ಪೊಟ್ಟಣ ಓದಿದ್ದು

ಟ್ರಂಕ್ ಬಿಚ್ಚಿದ ದಿನ ನಾನು ಪೊಟ್ಟಣಗಳನ್ನು ಪಡಸಾಲೆಯಲ್ಲಿ ಸಾಲಾಗಿ ಇಟ್ಟೆ. ಮೂರು ಬೋರ್, ಮೂರು ಸಾಲು. ಸಾಲು ಹಚ್ಚಿದ ಮೇಲೆ ಏನೂ ಓದಿಲ್ಲದವರಿಗೂ ಕಾಣುವಂತಿತ್ತು. ಮೂರೂ ಸಾಲಿನಲ್ಲಿ ಮೊದಲ ಐದಾರು ಪೊಟ್ಟಣ ಹಳದಿ, ಕಂದು, ಕೈಯಲ್ಲಿ ಹಿಚುಕಿದರೆ ಪುಡಿಯಾಗುವಂಥದ್ದು. ಅರವತ್ತು ಅಡಿಯ ಆಚೆ ಎಲ್ಲಾ ಒಂದೇ ಬಣ್ಣ. ಬೂದು-ಹಸಿರು, ಗಾಜಿನ ಚೂರಿನ ಹಾಗೆ ಗಟ್ಟಿ. ಕೊನೆ ತನಕ ಅದೇ.

ನೋಟ್‌ಬುಕ್‌ನಲ್ಲಿ ಪ್ರತಿ ಆಳಕ್ಕೂ ಒಂದೆರಡು ಶಬ್ದ ಇದ್ದವು. ಮೂರನೇ ಬೋರಿನ ಪುಟದಲ್ಲಿ "18ರಿಂದ 45, ಹಸಿ. ಕೇಸಿಂಗ್ 60" ಅಂತ ಬರೆದು ಎರಡು ಗೆರೆ ಎಳೆದಿದ್ದರು.

ಆ ಸಾಲನ್ನು ಅರ್ಥ ಮಾಡಿಕೊಳ್ಳೋಕೆ ನನಗೆ ಎರಡು ದಿನ ಬೇಕಾಯ್ತು. ಏಪ್ರಿಲ್ ತಿಂಗಳ ಬರದಲ್ಲೂ 18ರಿಂದ 45 ಅಡಿ ನಡುವಿನ ಕೊಳೆತ ಕಲ್ಲು ಹಸಿ ಇತ್ತು. ಬೋರ್ ಹಾಕುವಾಗ ಮೇಲಿನ ಸಡಿಲ ಪದರ ಕುಸಿಯಬಾರದು ಅಂತ ಗಟ್ಟಿ ಕಲ್ಲು ಸಿಗುವ ತನಕ ಕೇಸಿಂಗ್ ಪೈಪ್ ಇಳಿಸ್ತಾರೆ. ನಮ್ಮಲ್ಲಿ 60 ಅಡಿ ಇಳಿಸಿದ್ದರು. ಅಂದರೆ ಇದ್ದ ಒಂದೇ ನೀರನ್ನು ಪೈಪಿನಿಂದ ಮುಚ್ಚಿ, ಇಲ್ಲದ ನೀರು ಹುಡುಕಿಕೊಂಡು 610 ಅಡಿ ಹೋಗಿದ್ದೆವು.

ಅದೇ ಪುಟದ ಕೆಳಗೆ ಇನ್ನೊಂದು ಸಾಲು: "610. ಒಣ. ಹುಡುಗ ಊಟ ಮಾಡ್ಲಿಲ್ಲ."

ಗೊತ್ತಿದ್ದೂ ದುಡ್ಡು ಯಾಕೆ ಕೊಟ್ಟರು ಅಂತ ಆಯಿಯನ್ನು, ಅಂದರೆ ನಮ್ಮಜ್ಜಿಯನ್ನು ಕೇಳಿದೆ. ಆಯಿ ಅಕ್ಕಿ ಆರಿಸ್ತಾ ಹೇಳಿದಳು: "ನಾ ಬ್ಯಾಡ ಅಂದ್ರ ಅಂವ ಹೊಲಾ ಬಿಟ್ಟು ತಿರುಗಿ ಬೆಂಗಳೂರಿಗೆ ಹೊಂಟ ಹೋಗ್ತಾನ ಅಂದ್ರು. ರೊಕ್ಕ ಹೋದ್ರ ಹೋಗ್ಲಿ, ಹುಡುಗ ಇರ್ತಾನಲ್ಲ ಅಂದ್ರು."

2022ರ ಬೇಸಿಗೆಯಲ್ಲಿ ಬಾವಿ ತೆಗೆಸಿದೆ. ಜಾಗ ಆರಿಸಿದ್ದು ಪೊಟ್ಟಣ ನೋಡಿ. ಹಸಿ ಪದರ ಎಲ್ಲಕ್ಕಿಂತ ದಪ್ಪ ಇದ್ದ ಮೂರನೇ ಬೋರಿನ ಹತ್ತಿರ, ಮಸಾರಿ ಮುಗಿದು ನಡುಪಟ್ಟಿ ಶುರುವಾಗುವಲ್ಲಿ. 20 ಅಡಿ ಅಗಲ, 42 ಅಡಿ ಆಳ. 23 ಅಡಿಗೆ ಗೋಡೆಯಿಂದ ನೀರು ಜಿನುಗೋಕೆ ಶುರುವಾಯ್ತು. ಕೆಲಸದವರು ಕುಂಕುಮ ತಾ ಅಂದರು. ನಾನು ಆಯಿಯನ್ನು ಟ್ರ್ಯಾಕ್ಟರ್ ಮೇಲೆ ಕೂರಿಸಿಕೊಂಡು ಬಂದೆ.

ಬಾವಿಯ ಮೇಲಿನ ಇಳಿಜಾರಿನಲ್ಲಿ ಅಡ್ಡಕ್ಕೆ ಮೂರು ಒಡ್ಡು, ಒಂದು ಇಂಗುಗುಂಡಿ ಮಾಡಿದೆ. ಲೆಕ್ಕ ಸುಲಭ ಇದೆ. ಒಂದು ಎಕರೆ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಸುಮಾರು 4,047 ಲೀಟರ್ ನೀರು. ವರ್ಷಕ್ಕೆ 750 ಮಿ.ಮೀ. ಬಿದ್ದರೆ ಎಕರೆಗೆ 30 ಲಕ್ಷ ಲೀಟರ್. ಅಂದರೆ 5,000 ಲೀಟರಿನ ಟ್ಯಾಂಕರ್ ಆರುನೂರು. ನಾನು ಅಷ್ಟು ನೀರನ್ನು ಹಳ್ಳಕ್ಕೆ ಬಿಟ್ಟು ಟ್ಯಾಂಕರ್ ಕರೆಸ್ತಿದ್ದೆ.

ಸುಳ್ಳು ಹೇಳಲ್ಲ, ಬಾವಿಯೂ ಮಾಯಾಬಾವಿ ಅಲ್ಲ. ಒಂದು ಅಡಿ ನೀರು ಇಳಿದರೆ ಸುಮಾರು 8,900 ಲೀಟರ್. ನಡುಪಟ್ಟಿಯ 240 ಪೇರಲಕ್ಕೆ ಹನಿ ನೀರಾವರಿಯಲ್ಲಿ ಗಿಡಕ್ಕೆ 30 ಲೀಟರ್ ಕೊಟ್ಟರೆ ದಿನಕ್ಕೆ 7,200 ಲೀಟರ್ ಬೇಕು. ಒಳ್ಳೆ ಮಳೆಯ ವರ್ಷ ಸರಾಗ ಆಗುತ್ತೆ. 2023ರ ಬರದ ಮುಂದಿನ ಮಾರ್ಚ್‌ನಲ್ಲಿ ಬಾವಿ ತಳ ಕಂಡಿತು. ಆ ಬೇಸಿಗೆ ಗಿಡ ಉಳಿದಿದ್ದು ಬುಡಕ್ಕೆ ದಪ್ಪ ಹಾಕಿದ್ದ ಜೋಳದ ದಂಟು, ಕಸಕಡ್ಡಿಯ ಮುಚ್ಚಿಗೆಯಿಂದ. ಕಬ್ಬು ಹಾಕಿದ್ದರೆ ಜನವರಿಗೇ ಮುಗೀತಿತ್ತು. ಬಾವಿ ನೋಡಿ ಬೆಳೆ ಆರಿಸಬೇಕು. ಬೆಳೆ ಆರಿಸಿಕೊಂಡು ಆಮೇಲೆ ನೀರು ಹುಡುಕೋಕೆ ಹೋಗಿದ್ದೇ ನನ್ನ ತಪ್ಪು.

ಕೆಳಗಿನ ಎರಿಗೆ ನಾನು ನೀರೇ ಕೊಡಲ್ಲ. ಅಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬಿ. ಇದೂ ಅಜ್ಜನ ಮಾತೇ. 1972ರಲ್ಲಿ ನವಿಲುತೀರ್ಥದ ಅಣೆಕಟ್ಟು ಮುಗಿದು ಮಲಪ್ರಭಾ ಕಾಲುವೆ ನೀರು ಬಂದ ಮೇಲೆ, ಬಸಿಗಾಲುವೆ ಇಲ್ಲದೆ ಅತಿಯಾಗಿ ನೀರು ಹಾಯಿಸಿದ ಎರಿ ಹೊಲಗಳು ಎಷ್ಟೋ ಕಡೆ ಸವಳು-ಜವಳಾದದ್ದನ್ನು ಅವರು ಕಣ್ಣಾರೆ ನೋಡಿದ್ದರು. "ಎರಿಗೆ ನೀರು ಬರೋ ದಾರಿಗಿಂತ ಮೊದಲ ಹೋಗೋ ದಾರಿ ಮಾಡು" ಅಂತಿದ್ದರು.

ನಿಮ್ಮ ಹೊಲದಲ್ಲಿ ಈ ವಾರ ಮಾಡಬಹುದಾದದ್ದು

1. ತಗ್ಗು ತೆಗೆಯಿರಿ. ಹಣ್ಣಿನ ಗಿಡ ಹಚ್ಚುವ ಮುಂಚೆ ಎಕರೆಗೆ ಕನಿಷ್ಠ ಎರಡು ಕಡೆ ನಾಲ್ಕರಿಂದ ಆರು ಅಡಿ ಆಳದ ತಗ್ಗು ಬೇಕು. ಪ್ರತಿ ಅಡಿಗೂ ಮಣ್ಣಿನ ಬಣ್ಣ ಬದಲಾಗುವುದನ್ನು, ಗರಸು, ಸುಣ್ಣದ ಗಂಟು, ಹಸಿ ಇದೆಯಾ ಅನ್ನೋದನ್ನು ನೋಡಿ. ಪಕ್ಕದಲ್ಲಿ ಟೇಪ್ ಹಿಡಿದು ಫೋಟೋ ತೆಗೆದು ಇಟ್ಟುಕೊಳ್ಳಿ. ಮಣ್ಣು ಪರೀಕ್ಷೆಗೆ ಮೇಲಿನ ಮಣ್ಣಿನ ಜೊತೆ ಎರಡು-ಮೂರು ಅಡಿ ಕೆಳಗಿನದನ್ನೂ ಬೇರೆ ಚೀಲದಲ್ಲಿ ಕೊಡಿ.

2. ಸುಣ್ಣ ನೋಡಿ. ಆಮ್ಲದ ಬಾಟಲಿ ಬೇಡ, ಅಪಾಯ. ಒಣಗಿದ ಮಣ್ಣಿನ ಪುಡಿ ಮೇಲೆ ನಿಂಬೆರಸ ಅಥವಾ ವಿನೆಗರ್ ಹಾಕಿ ಕಿವಿ ಹತ್ತಿರ ಹಿಡಿಯಿರಿ. ಬುರುಬುರು ಅಂದರೆ ಸುಣ್ಣ ಇದೆ. ಎಷ್ಟಿದೆ ಅಂತ ಪ್ರಯೋಗಾಲಯದವರು ಹೇಳಬೇಕು. ಮಾವು ಹಚ್ಚುವ ಮುಂಚೆ ಇದನ್ನು ತಪ್ಪಿಸಬೇಡಿ.

3. ಬಾಟಲಿ ಪರೀಕ್ಷೆ. ಪಾರದರ್ಶಕ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು. ಚೆನ್ನಾಗಿ ಅಲುಗಾಡಿಸಿ ಇಡಿ. ಮರಳು ಒಂದು ನಿಮಿಷದಲ್ಲಿ ತಳ ಸೇರುತ್ತೆ, ನಡುವಿನ ನಯ ಮಣ್ಣು ಕೆಲವು ಗಂಟೆಗಳಲ್ಲಿ, ಜೇಡಿ ಮಾರನೇ ದಿನಕ್ಕೆ. ಮೂರು ಪದರ ನೋಡಿದರೆ ನಿಮ್ಮ ಮಣ್ಣು ನೀರು ಹಿಡಿಯುತ್ತೋ ಬಿಡುತ್ತೋ ಅಂದಾಜು ಸಿಗುತ್ತೆ.

4. ಫೋನ್ ಬಳಸಿ. ದಿಶಾಂಕ್ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರ್ ಎಲ್ಲಿ ಬರುತ್ತೆ, ಹತ್ತಿರದ ಹಳ್ಳ-ಕೆರೆ ಎಲ್ಲಿವೆ ನೋಡಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ತಾಣದಲ್ಲಿ ನಿಮ್ಮ ಕಡೆಯ ಕಲ್ಲಿನ ನಕ್ಷೆ ಇದೆ. ಗೂಗಲ್ ಅರ್ಥ್‌ನಲ್ಲಿ ಬೇಸಿಗೆಯ ಚಿತ್ರ ತೆಗೆದು, ಎಲ್ಲಾ ಒಣಗಿದಾಗಲೂ ಎಲ್ಲಿ ಗೆರೆಯ ಹಾಗೆ ಹಸಿರು ಉಳಿದಿದೆ ಅಂತ ಹುಡುಕಿ.

5. ಬೋರ್ ಹಾಕಿಸಲೇಬೇಕಾದರೆ ಕಾಯಿ-ಕಡ್ಡಿ ಬಿಟ್ಟು ಭೂವಿಜ್ಞಾನಿಯಿಂದ ರೆಸಿಸ್ಟಿವಿಟಿ ಸಮೀಕ್ಷೆ ಮಾಡಿಸಿ. ಅದೂ ನೂರಕ್ಕೆ ನೂರು ಅಲ್ಲ, ಆದರೆ ಕಾಯಿಗಿಂತ ಎಷ್ಟೋ ಮೇಲು. ಅಕ್ಕಪಕ್ಕದ ಬೋರ್‌ಗಳ ಆಳ, ಕೇಸಿಂಗ್, ನೀರು ಸಿಕ್ಕ ಅಡಿ ಬರೆದುಕೊಳ್ಳಿ. ಎಷ್ಟು ಅಡಿಗೆ ನಿಲ್ಲಿಸಬೇಕು ಅಂತ ಲಾರಿ ಬರುವ ಮುಂಚೆಯೇ ತೀರ್ಮಾನ ಮಾಡಿ. ಲಾರಿ ನಿಂತ ಮೇಲೆ ಮನಸ್ಸು ನಿಮ್ಮ ಮಾತು ಕೇಳಲ್ಲ. ಹತ್ತು ಅಡಿಗೊಂದು ಪೊಟ್ಟಣ ಕಟ್ಟಿ.

6. ಫೇಲ್ ಆದ ಬೋರ್ ಬಾಯಿ ತೆರೆದಿಡಬೇಡಿ. ಅವತ್ತೇ ಗಟ್ಟಿ ಮುಚ್ಚಳ ಹಾಕಿ, ಇಲ್ಲವೇ ತಳದಿಂದ ಮೇಲಿನ ತನಕ ತುಂಬಿಸಿ. ಮಕ್ಕಳು ಬಿದ್ದು ಸತ್ತ ಸುದ್ದಿ ನಾವೆಲ್ಲ ಓದಿದ್ದೇವೆ. 2010ರಲ್ಲೇ ಸುಪ್ರೀಂ ಕೋರ್ಟ್ ಈ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ. ಸ್ವಲ್ಪ ನೀರಿದ್ದು ಬತ್ತಿದ ಬೋರ್ ಆದರೆ ಮರುಪೂರಣ ಮಾಡಬಹುದಾ ಅಂತ ತಿಳಿದವರಿಗೆ ತೋರಿಸಿ. ಚಿತ್ರದುರ್ಗದ ಜಲತಜ್ಞ ದೇವರಾಜ ರೆಡ್ಡಿಯವರು ವರ್ಷಗಳಿಂದ ರೈತರಿಗೆ ಹೇಳಿಕೊಡ್ತಿರುವ ವಿಧಾನ ಅದು.

ಬಾವಿ, ಕೃಷಿ ಹೊಂಡ, ಒಡ್ಡಿಗೆ ಈಗ ಯಾವ ಸಹಾಯಧನ ಇದೆ ಅಂತ ನಿಮ್ಮ ಪಂಚಾಯ್ತಿಯಲ್ಲಿ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಟ್ರಂಕ್ ಈಗ ಅಟ್ಟದ ಮೇಲಿಲ್ಲ, ಹೊಲದ ಮನೆಯಲ್ಲಿದೆ. ಬೋರ್ ಹಾಕಿಸ್ತೀನಿ ಅಂತ ಯಾರಾದರೂ ಬಂದರೆ ಮೊದಲು ಆ ಮೂರು ಸಾಲು ಹಚ್ಚಿ ತೋರಿಸ್ತೀನಿ. ಕೆಲವರು ತಿರುಗಿ ಹೋಗಿ ತಮ್ಮ ಹೊಲದಲ್ಲಿ ಗುದ್ದಲಿ ಹಿಡಿದಿದ್ದಾರೆ. ಕೆಲವರು ನಕ್ಕು ಕಾಯಿ ತರೋಕೆ ಹೋಗಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಹೋಗಿದ್ದೆ.

ಬಾವಿ ತೆಗೆಸುವಾಗ ನಾನೂ ಹತ್ತು ಅಡಿಗೊಂದು ಪೊಟ್ಟಣ ಕಟ್ಟಿದೆ. ಐದು ಆದವು. "ಬಾವಿ, 20–30 ಫೂಟ, ನೀರು" ಅಂತ ಪೆನ್ಸಿಲ್‌ನಲ್ಲಿ ಬರೆದು ಅಜ್ಜನ ಪೊಟ್ಟಣಗಳ ಪಕ್ಕದಲ್ಲೇ ಇಟ್ಟಿದ್ದೇನೆ. ಈಗ ಟ್ರಂಕಿನಲ್ಲಿ 156 ಇವೆ.